ಬಲೂನು ನಿಂತ ಜಾಗ

ಮೊದಲು ಕೇಳಿಸಿದ್ದು ಸದ್ದು. ಊಟವಾಗಿ ಅರ್ಧ ಗಂಟೆಗೆ ಅತ್ತಿಗೆಯ ಹೊಟ್ಟೆಯೊಳಗೆ ಗುಳುಗುಳು ಎಂದು ನೀರು ನುಗ್ಗಿದಂಥ ಸದ್ದು. ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತ ನನಗೂ ಕೇಳುತ್ತಿತ್ತು. ಆಮೇಲೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಿಲ್ಲುತ್ತಿದ್ದರು. ನೋವು ಬಂದು ಹೋಗುವವರೆಗೆ ಹಾಗೇ.

"ಏನಾತ್ರಿ ಅತ್ತಿಗೆ?"

"ಗ್ಯಾಸು. ನೀ ಓದ್ಕೊ."

ಗಿರಿಜಮ್ಮ ನನ್ನ ಅಣ್ಣನ ಹೆಂಡತಿ. ನಂದಿಗುಡಿಯಿಂದ ಹರಿಹರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಹದಿನೆಂಟು, ನನಗೆ ಎಂಟು. ನಮ್ಮವ್ವ ತೀರಿಕೊಂಡು ಆಗಷ್ಟೇ ಒಂದು ವರ್ಷವಾಗಿತ್ತು. ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವರು ಅವರು. ಅವರಿಗೆ ಮಕ್ಕಳಾಗಲಿಲ್ಲ. ನನಗೆ ಮದುವೆ ಕೂಡಿಬರಲಿಲ್ಲ. ಅಣ್ಣ ಹೋಗಿ ಇಪ್ಪತ್ತು ವರ್ಷವಾಯಿತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ನಾನು, ವಿಧವೆ ಅತ್ತಿಗೆ, ಒಂದೇ ಸೂರು. ಜನ ಆಡಿಕೊಂಡದ್ದೂ ಉಂಟು. ಅದಕ್ಕೇ ಇರಬೇಕು, ಅಣ್ಣ ಹೋದ ಮೇಲೆ ಅವರು ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು ಸರಿಸಿ, ಒಳಗೆ ಹೋಗಿಬಿಡುತ್ತಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಅದೊಂದು ಏರ್ಪಾಡು. ಇಬ್ಬರಿಗೂ ಅದರಿಂದ ನೆಮ್ಮದಿಯಿತ್ತು.

ಅವರು ಸಡಿಲವಾದ ರವಿಕೆಯ ತೋಳಿಗೆ ಒಂದು ಹೊಲಿಗೆ ಒಳಗೆ ಹಾಕಿಕೊಂಡರು. ತಿಂಗಳು ಬಿಟ್ಟು ಇನ್ನೊಂದು. ಆಗ ನನಗೆ ಭಯವಾಯಿತು.

ಹರಿಹರದ ಡಾಕ್ಟರು ಅಸಿಡಿಟಿ ಎಂದರು. ಇನ್ನೊಬ್ಬರು ಸ್ಕ್ಯಾನ್ ಮಾಡಿಸಿ, ಕರುಳಿನ ಟಿ.ಬಿ. ಇರಬಹುದು, ಮಾತ್ರೆ ಶುರು ಮಾಡೋಣ ಎಂದರು. ಆರು ತಿಂಗಳು ಅತ್ತಿಗೆ ಒಂದು ದಿನವೂ ತಪ್ಪಿಸದೆ ನುಂಗಿದರು. ಮೊದಲು ರೊಟ್ಟಿ ಬಿಟ್ಟರು, ಆಮೇಲೆ ಮುದ್ದೆ, ಆಮೇಲೆ ಅನ್ನ. ಕೊನೆಗೆ ಉಳಿದದ್ದು ಗಂಜಿಯ ತಿಳಿ. ತೂಕ ಮೂವತ್ತಾರು ಕೆ.ಜಿ.ಗೆ ಇಳಿಯಿತು.

ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಸಣ್ಣ ಕರುಳು ಮೂರು ಕಡೆ ಕಿರಿದಾಗಿರುವುದು ಕಂಡಿತು. ಯಾಕೆ ಎಂದು ತಿಳಿಯಬೇಕಾದರೆ ಒಳಗಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಹಿಂಭಾಗದಿಂದ ಕ್ಯಾಮೆರಾ ನಳಿಗೆ ಬಿಟ್ಟು ಕೊಲೊನೊಸ್ಕೋಪಿ ಮಾಡಿದರು. ನಳಿಗೆ ದೊಡ್ಡ ಕರುಳಿನ ಕೊನೆಯವರೆಗೆ ಹೋಯಿತು, ಅದರಾಚೆ ಹೋಗಲಿಲ್ಲ. ಒಬ್ಬರು ತಳ್ಳುತ್ತಿದ್ದರಂತೆ, ಇನ್ನೊಬ್ಬರು ಹೊಟ್ಟೆ ಒತ್ತಿ ಹಿಡಿದಿದ್ದರಂತೆ. ಇಬ್ಬರೂ ಗಂಡಸರು.

ಅಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೊರಟೆವು. ದಾರಿಯಲ್ಲಿ ಬಾತಿ ಹತ್ತಿರ ಬಂದಾಗ ಅತ್ತಿಗೆಗೆ ವಾಂತಿ ಬಂತು. ಕಂಡಕ್ಟರ್ ಬಸ್ ನಿಲ್ಲಿಸಿದ. ಇಳಿದವರು ಮತ್ತೆ ಹತ್ತಲಿಲ್ಲ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಬಸ್ಸು ಹೋಯಿತು.

"ಕುಮಾರ, ಇನ್ನೊಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಬ್ಯಾಡ. ಸಾಯದಾದ್ರೆ ಮನ್ಯಾಗೆ ಸಾಯ್ತೀನಿ."

ನಾನು ಮುಂದಿನ ಬಸ್ಸಿಗೆ ಕೈ ಮಾಡಿದೆ.

ಆಪರೇಷನ್ ಮಾಡಿಯೇ ನೋಡೋಣ ಎಂದರೆ ಅವರ ಹೃದಯಕ್ಕೆ ಬಲವಿರಲಿಲ್ಲ. ಅನಸ್ತೇಷಿಯಾ ಡಾಕ್ಟರು ಎಕೋ ರಿಪೋರ್ಟ್ ನೋಡಿ, ಟೇಬಲ್ ಮೇಲೇ ಹೋಗಿಬಿಡಬಹುದು ಎಂದರು. ಬಯಾಪ್ಸಿ ಇಲ್ಲದೆ ಔಷಧಿ ಕೊಡುವಂತಿಲ್ಲ. ಹೀಗೆ ಎಲ್ಲ ಬಾಗಿಲೂ ಮುಚ್ಚಿಕೊಂಡಿದ್ದಾಗ ದಾವಣಗೆರೆಯ ಹೊಟ್ಟೆಯ ಡಾಕ್ಟರು ಫೋನ್ ಮಾಡಿ ನನ್ನೊಬ್ಬನನ್ನೇ ಕರೆದರು. ಅವರು ಇನ್ನೂ ಚಿಕ್ಕ ವಯಸ್ಸಿನವರು, ಹದಿನೈದು ದಿನಕ್ಕೊಮ್ಮೆ ಹೊರಗಿನಿಂದ ಬರುವವರು. ಮೇಜಿನ ಮೇಲೆ ಒಂದು ಪಾರದರ್ಶಕ ಪೈಪು ಇತ್ತು. ಅದರೊಳಗೆ ಬೆರಳು ಗಾತ್ರದ ಮೆತ್ತನೆಯ ನಳಿಗೆಯೊಂದನ್ನು ಬಿಟ್ಟರು.

ಅದರ ತುದಿಗೆ ಕ್ಯಾಮೆರಾ, ಹಿಂದೊಂದು ಮುಂದೊಂದು ಬಲೂನು. ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ. ಹಿಂದಿನ ಬಲೂನು ಉಬ್ಬಿ ಪೈಪಿನ ಗೋಡೆಗೆ ಕಚ್ಚಿಕೊಂಡಿತು. ನಡುವಿನ ಮಡಿಕೆ ಬಿಚ್ಚಿ ತಲೆ ಮುಂದೆ ಹೋಯಿತು. ಈಗ ಮುಂದಿನ ಬಲೂನು ಉಬ್ಬಿ ಹಿಡಿಯಿತು, ಹಿಂದಿನದು ಸೊರಗಿ ಬಾಲವನ್ನು ಎಳೆದುಕೊಂಡಿತು. ಮತ್ತೆ ಅದೇ. ಯಾರೂ ತಳ್ಳದೆ, ಪೈಪಿನ ತಿರುವುಗಳಲ್ಲಿ ಅದು ಎರೆಹುಳುವಿನ ಹಾಗೆ ತಾನೇ ತೆವಳುತ್ತ ಹೋಯಿತು.

ನನಗೆ ಖುಷಿಯಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಗಾಳಿಯ ಪ್ರೆಶರ್ ಎಷ್ಟು, ವಾಲ್ವ್ ಎಲ್ಲಿದೆ, ರಬ್ಬರ್ ಯಾವುದು ಎಂದೆಲ್ಲ ಕೇಳಿದೆ. ಹತ್ತು ನಿಮಿಷ ನನಗೆ ಅತ್ತಿಗೆಯ ನೆನಪೇ ಇರಲಿಲ್ಲ.

"ಇದು ಇನ್ನೂ ಅಧ್ಯಯನದ ಹಂತದಲ್ಲಿದೆ," ಎಂದರು ಡಾಕ್ಟರು. "ಕೆಲವರಿಗಷ್ಟೇ ಮಾಡಿದ್ದೇವೆ. ಆಗಬಹುದು, ಆಗದೆಯೂ ಇರಬಹುದು. ಅವರು ಒಪ್ಪಿದರೆ ಮಾತ್ರ."

ಒಪ್ಪುವುದಿಲ್ಲ ಎಂದುಕೊಂಡೇ ಮನೆಗೆ ಬಂದು ಹೇಳಿದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಯಾರೂ ತಳ್ಳೋದಿಲ್ಲೇನು?"

"ಇಲ್ರಿ."

"ಹೊಟ್ಟೆ ಒತ್ತೋದಿಲ್ಲ?"

"ಇಲ್ಲ. ಅದೇ ಹೋಗ್ತೈತೆ."

"ಹಂಗಾದ್ರೆ ಆಗ್ಲಿ."

ಕಾಯಿಲೆ ಗೊತ್ತಾಗಲಿ ಎಂದಲ್ಲ, ಗುಣವಾಗಲಿ ಎಂದೂ ಅಲ್ಲ. ಅವರು ಒಪ್ಪಿದ್ದು ಅಷ್ಟಕ್ಕೇ. ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದ ಓದಿಸಿಕೊಂಡು, ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು ಸಹಿ ಮಾಡಿದರು.

ಸ್ಪೆಷಲ್ ರೂಮು ಕೊಟ್ಟಿದ್ದರು. ಬೆಳಗ್ಗೆ ಎನಿಮಾ ಕೊಟ್ಟು ಸಿಸ್ಟರ್ ಇನ್ನೊಂದು ವಾರ್ಡಿಗೆ ಓಡಿದರು. ನೋಡಿಕೊಳ್ಳಲು ಬರಬೇಕಾಗಿದ್ದ ಆಯಾ ಬಂದಿರಲಿಲ್ಲ. ಅತ್ತಿಗೆ ಎದ್ದು ಬಾತ್‌ರೂಮಿನ ಕಡೆ ಎರಡು ಹೆಜ್ಜೆ ಇಟ್ಟರು.

ಅಷ್ಟರಲ್ಲೇ ಆಗಿಹೋಯಿತು.

ಸೀರೆ, ನೆಲ, ಕಾಲು, ಎಲ್ಲ. ಅವರು ಮಂಚದ ಕಂಬಿ ಹಿಡಿದು ಗೋಡೆ ಕಡೆ ಮುಖ ಮಾಡಿ ನಿಂತರು. ನಾನು ಸಿಸ್ಟರನ್ನು ಕರೆಯಲು ಹೊರಗೆ ಓಡಿದೆ. ಅವರು ಕೈಯಲ್ಲಿ ಡ್ರಿಪ್ ಹಿಡಿದುಕೊಂಡು, "ಹತ್ತು ನಿಮಿಷ ತಡೀರಿ, ಒಬ್ಳೇ ಇದೀನಿ," ಎಂದರು. ವಾಪಸ್ ಬಂದೆ. ಅತ್ತಿಗೆ ಹಾಗೇ ನಿಂತಿದ್ದರು. ಹತ್ತು ನಿಮಿಷ ನಿಲ್ಲುವ ಶಕ್ತಿ ಅವರಲ್ಲಿರಲಿಲ್ಲ.

ನಾನು ಬಕೆಟ್ ತಂದೆ.

"ಬ್ಯಾಡ ಕುಮಾರ."

"ಬೀಳ್ತೀರಿ ಅತ್ತಿಗೆ."

ಅವರು ಗೋಡೆಗೆ ಹೇಳುವಂತೆ ಹೇಳಿದರು: "ಹೆಣಕ್ಕೆ ನೀರು ಹಾಕೋರು ನಾಚ್ಕೆಂತಾರೇನು? ಹಂಗೆ ಅನ್ಕೊಂಡು ಮಾಡು."

ಮಾಡಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದೆ. ಎಲುಬಿನ ಮೇಲೆ ಚರ್ಮ ಬಿಟ್ಟರೆ ಅಲ್ಲಿ ಏನೂ ಉಳಿದಿರಲಿಲ್ಲ. ಇಪ್ಪತ್ತು ವರ್ಷ ನಾವು ಕಾಪಾಡಿಕೊಂಡು ಬಂದ ದೂರ ಆ ಬೆಳಗ್ಗೆ ಹತ್ತು ನಿಮಿಷದಲ್ಲಿ ಹೋಯಿತು, ಮತ್ತು ಅದು ಹೋದದ್ದಕ್ಕೆ ಇಬ್ಬರಲ್ಲಿ ಯಾರೂ ಸಾಯಲಿಲ್ಲ. ಒಗೆದ ಸೀರೆ ಉಡಿಸಿ ಮಲಗಿಸಿದಾಗ ಅವರು ಅಳುತ್ತಿದ್ದರು. ನಾನು ನೆಲ ಒರೆಸುತ್ತಿದ್ದೆ.

ಹೃದಯದ ಭಯಕ್ಕೆ ಪೂರ್ತಿ ಮಂಪರು ಬರುವಷ್ಟು ಇಂಜೆಕ್ಷನ್ ಕೊಡುವಂತಿರಲಿಲ್ಲ. ಅವರನ್ನು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದ ಐದು ನಿಮಿಷಕ್ಕೆ ನನ್ನನ್ನು ಕರೆದರು. ಹೆದರಿ ಮಿಸುಕಾಡುತ್ತಿದ್ದಾರೆ, ತಲೆಯ ಹತ್ತಿರ ನಿಲ್ಲಿ ಎಂದರು. ಅತ್ತಿಗೆ ನನ್ನ ಎರಡು ಬೆರಳು ಹಿಡಿದುಕೊಂಡರು.

ಸ್ಕ್ರೀನಿನ ಮೇಲೆ ಕೆಂಪು ದಾರಿ. ಗೋಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಬಲೂನು ಉಬ್ಬುವಾಗ ಚಿತ್ರ ನಿಲ್ಲುತ್ತಿತ್ತು, ಸೊರಗುವಾಗ ಮುಂದೆ ಸರಿಯುತ್ತಿತ್ತು. ನಿಂತು, ಸರಿದು. ಹಳೆಯ ನಳಿಗೆ ಸೋತು ಹಿಂದಿರುಗಿದ ಜಾಗವನ್ನು ಇದು ದಾಟಿತು. ಸಣ್ಣ ಕರುಳಿಗೆ ಇಳಿಯಿತು. ಡಾಕ್ಟರು "ಗುಡ್, ಗುಡ್" ಎನ್ನುತ್ತಿದ್ದರು. ಅತ್ತಿಗೆಗೆ ನೋವಿರಲಿಲ್ಲ. ನನಗೆ ಆಸೆ ಹುಟ್ಟಿತು.

ಆಮೇಲೆ ದಾರಿ ಮುಗಿಯಿತು.

ಎದುರಿಗೆ ಬಿಳಿಚಿದ, ಗಂಟುಗಂಟಾದ ಗೋಡೆ. ನಡುವೆ ಪೆನ್ಸಿಲ್ ಹೋಗುವಷ್ಟು ತೂತು. ಮುಂದಿನ ಬಲೂನು ಸೊರಗಿ, ತಲೆ ಚಾಚಿ, ತೂತಿಗೆ ತಾಗಿ ಹಿಂದೆ ಬಂತು. ಎರಡನೇ ಸಲವೂ ಹಾಗೇ. ಮೂರನೇ ಸಲ ಅಲ್ಲಿ ರಕ್ತ ಜಿನುಗಿತು. "ಸಾಕು, ನಿಲ್ಲಿಸಿ. ಗೋಡೆ ಹರಿಯುತ್ತೆ," ಎಂದರು ಡಾಕ್ಟರು. ನಳಿಗೆಯ ತುದಿಯಿಂದ ಸಣ್ಣ ಚಿಮಟ ಹೊರಬಂದು ನಾಲ್ಕು ಚೂರು ಕಿತ್ತುಕೊಂಡಿತು. ಬಂದ ದಾರಿಯಲ್ಲೇ ಬಲೂನು ಹಿಂದೆ ತೆವಳಿತು.

ರೂಮಿಗೆ ಬಂದ ಮೇಲೆ ಅತ್ತಿಗೆ ಹೇಳಿದರು: "ನೋವೇನೂ ಆಗ್ಲಿಲ್ಲ. ಆದ್ರೆ ಅದು ನಿಂತಿದ್ದು ನಂಗೆ ಗೊತ್ತಾತು."

ರಿಪೋರ್ಟ್ ಬರಲು ಒಂದು ವಾರ. ಕ್ಯಾನ್ಸರ್. ಟಿ.ಬಿ. ಅಲ್ಲವೇ ಅಲ್ಲ. ಹೊಟ್ಟೆಯ ಒಳಪೊರೆಗೂ ಹರಡಿದೆ. ಅವರ ಹೃದಯ, ಅವರ ತೂಕ ನೋಡಿದರೆ ಕೀಮೋ ತಾಳಿಕೊಳ್ಳಲಾರರು.

ಟಿ.ಬಿ. ಮಾತ್ರೆಯ ಆರು ತಿಂಗಳು ಕಣ್ಣ ಮುಂದೆ ಬಂತು. "ಮೊದಲೇ ಗೊತ್ತಾಗಿದ್ರೆ?" ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ. "ಸ್ವಲ್ಪ ಹೆಚ್ಚು ಕಾಲ ಸಿಗುತ್ತಿತ್ತೋ ಏನೋ. ಖಂಡಿತ ಎಂದು ಹೇಳಲಾರೆ," ಎಂದರು.

ನಾನು ಫಿಟ್ಟರ್. ಬುದ್ಧಿ ಅಲ್ಲೇ ಹೋಯಿತು. "ಮುಂದಿನ ಬಲೂನು ಇನ್ನೂ ಸಣ್ಣದು ಮಾಡ್ಸಿದ್ರೆ ಆ ತೂತಲ್ಲಿ ಹೋಗ್ತೈತಲ್ರಿ ಸರ್. ಒಳಗಿಂದ ಉಬ್ಬಿಸಿ ದಾರಿ ಅಗಲ ಮಾಡಬಹುದಲ್ಲ?"

"ಒಂದನ್ನು ದಾಟಿದರೆ ಆಚೆ ಇನ್ನೂ ಎರಡಿವೆ. ಕರುಳು ಹರಿದರೆ ನೋವಿನಲ್ಲೇ ಹೋಗುತ್ತಾರೆ. ಬೇಡ."

ಆದರೂ ನಾನು ಬಿಡಲಿಲ್ಲ. ಮನೆಗೆ ಬಂದು ಹಾಳೆಯ ಮೇಲೆ ನಳಿಗೆಯ ಚಿತ್ರ ಬರೆದೆ. ಅಳತೆ ಹಾಕಿದೆ. ಇನ್ನೊಂದು ಆಸ್ಪತ್ರೆಯಲ್ಲಿ ಕೇಳೋಣ ಎಂದೆ. ಅತ್ತಿಗೆ ಹಾಳೆಯನ್ನು ನೋಡಿದರು. ಮಡಚಿ ದಿಂಬಿನ ಪಕ್ಕ ಇಟ್ಟರು.

"ಸಾಕು ಮಾಡು, ಕುಮಾರ. ನಂಗೆ ಸುಸ್ತಾಗೈತೆ."

ನಾನು ಅಳತೆಪಟ್ಟಿಯನ್ನು ಎತ್ತಿಟ್ಟೆ.

ಈಗ ಎರಡು ತಿಂಗಳಾಯಿತು. ಅವರ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ದಾರೆ. ಹೊಟ್ಟೆಯಲ್ಲಿ ತುಂಬುವ ಹಸಿರು ನೀರು ಚೀಲಕ್ಕೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಚೀಲ ಖಾಲಿ ಮಾಡುವುದು, ನೋವಿನ ಇಂಜೆಕ್ಷನ್ ಹಾಕುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಸಿಸ್ಟರ್ ನನಗೆ ಕಲಿಸಿದ್ದಾರೆ. ಪಕ್ಕದ ಮನೆಯ ಮುಮ್ತಾಜಮ್ಮ ಬಂದು, "ನಾನು ಮೈ ಒರೆಸ್ತೀನಿ, ಹೆಣ್ಮಕ್ಕಳ ಕೆಲ್ಸ ಇದು, ನೀವು ಹೊರಗೆ ಕೂಡ್ರಿ," ಎಂದರು. ಅತ್ತಿಗೆ ಕೈ ಅಡ್ಡ ಮಾಡಿ ಹೇಳಿದರು: "ಇರ್ಲಿ ಬಿಡ್ರಿ. ಕುಮಾರಗೆ ರೂಢಿ ಆಗೈತೆ." ನಾನು ಅಡುಗೆಮನೆಗೆ ಹೋಗಿ, ಬೇಕಿಲ್ಲದಿದ್ದರೂ ನೀರು ಕಾಯಿಸಲು ಇಟ್ಟೆ.

ಗುಣವಾಗುತ್ತದೆ ಎಂಬ ಆಸೆ ನನಗಿಲ್ಲ. ಅವರಿಗೆ ಎಂದೂ ಇರಲಿಲ್ಲ ಅನ್ನಿಸುತ್ತದೆ. ದಿನಗಳು ಉಳಿದಿವೆಯೋ ವಾರಗಳೋ ಯಾರೂ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಬಾಯಿ ಒಣಗಿದರೆ ಟ್ಯೂಬಿಗೆ ಕ್ಲಿಪ್ ಹಾಕಿ ಸ್ವಲ್ಪ ಎಳನೀರು ಕೊಡಿ, ಎಷ್ಟು ಹೊತ್ತು ನಿಲ್ಲುತ್ತದೋ ನೋಡಿ ಎಂದಿದ್ದರು ಸಿಸ್ಟರ್. ಇವತ್ತು ಬೆಳಗ್ಗೆ ಎಂಟು ಚಮಚ ಕೊಟ್ಟೆ. ಇಬ್ಬರೂ ಕಾದೆವು. ಮುಕ್ಕಾಲು ಗಂಟೆ ನಿಂತಿತು. ಆಮೇಲೆ ಅವರ ಕಣ್ಣು ಅಗಲವಾದವು. ನಾನು ಬೋಗುಣಿ ಹಿಡಿದೆ. ಎಲ್ಲ ಹೊರಗೆ ಬಂತು. ಕ್ಲಿಪ್ ತೆಗೆದೆ, ಬಾಯಿ ಒರೆಸಿದೆ, ತಲೆಯನ್ನು ಮತ್ತೆ ದಿಂಬಿಗೆ ಒರಗಿಸಿದೆ.

ಉಸಿರು ಹತೋಟಿಗೆ ಬಂದ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದರು:

"ಸಿಹಿ ಇತ್ತು."