ಅಕ್ಕಿಕಾಳಿನಷ್ಟು ಹುಳ, ಮಾಲಿಯ ತಲೆಗೆ ಕಟ್ಟಿದ ತಪ್ಪು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾರ್ವಜನಿಕ ಉದ್ಯಾನದ ಸಸಿಮನೆಯಲ್ಲಿ ಮಂಡಿಯೂರಿ ಕೂತ ಹೆಂಗಸೊಬ್ಬರು ಹೂಕುಂಡವನ್ನು ಓರೆ ಮಾಡಿ ತಳಕ್ಕೆ ಟಾರ್ಚ್ ಬಿಡುತ್ತಾರೆ. ನೀರು ಇಳಿಯುವ ತೂತಿನ ಅಂಚಿಗೆ ಅಕ್ಕಿಕಾಳಿನಂಥದ್ದೇನೋ ಅಂಟಿಕೊಂಡಿದೆ. ಒದ್ದೆ ಕುಂಚದ ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ಡಬ್ಬಿಗೆ ಇಳಿಸುತ್ತಾರೆ. "ಬಿಸಿಲು ಬಂತೋ, ಮಣ್ಣೊಳಗೆ ಸೇರ್ಕೊಂಡ್ಬಿಡುತ್ತೆ. ಆಮೇಲೆ ಹೆಸರು ಹಿಡಿದು ಕೂಗಿದ್ರೂ ಬರಲ್ಲ" ಎಂದು ನಗುತ್ತಾರೆ.

ಅದು ಬಸವನಹುಳು. ಇವರು ಅದನ್ನು ಗುರುತಿಸುವವರು. ವಸ್ತುಸಂಗ್ರಹಾಲಯದ ಚಿಪ್ಪುಗಳ ವಿಭಾಗದಲ್ಲಿ ಉಳಿದಿರುವುದು ಇವರೊಬ್ಬರೇ. ಅಲ್ಲಿನವರೆಲ್ಲ ಕರೆಯುವುದು ‘ಚಿಪ್ಪಕ್ಕ’ ಎಂದು. ಕೆಲಸದ ಕೋಣೆಯ ಅರ್ಧವನ್ನು ಕಾಲು ಮುರಿದ ಕುರ್ಚಿಗಳು ಆಕ್ರಮಿಸಿವೆ. ಇನ್ನರ್ಧದಲ್ಲಿ ಕಬ್ಬಿಣದ ಕಪಾಟು, ಕಿಟಕಿ ಪಕ್ಕ ಒಂದು ಸೂಕ್ಷ್ಮದರ್ಶಕ. ಅದರ ಗುಂಡಿ ಬಿದ್ದುಹೋಗಿ ವರ್ಷಗಳಾದವು, ಅಂಟುಪಟ್ಟಿ ಸುತ್ತಿ ತಿರುಗಿಸುತ್ತಾರೆ. ಹೊಸದು ಕೇಳಿದಾಗೆಲ್ಲ ಬರುವ ಉತ್ತರ "ನೋಡೋಣ". ಯಾರೂ ನೋಡಿಲ್ಲ.

ಮನೆಯಲ್ಲೂ ಹುಳದ್ದೇ ಕಾರುಬಾರು. ಫ್ರಿಜ್ಜಿನ ಮೇಲಿನ ಖಾನೆ ಇವರ ಡಬ್ಬಿಗಳಿಗೆ ಮೀಸಲು. "ಸೊಪ್ಪು ತಾರಮ್ಮ ಅಂದ್ರೆ ಇವ್ಳು ಸೊಪ್ಪು ಬಿಟ್ಟು ಹುಳ ಆರಿಸ್ಕೊಂಡು ಬರ್ತಾಳೆ" ಎಂದು ಅತ್ತೆ ದೂರುತ್ತಾರೆ. ಬಸ್ ಚಾಲಕರಾದ ಗಂಡ ಮಾತ್ರ ಬಾಯಿ ಬಿಡುವುದಿಲ್ಲ. ಒಮ್ಮೆ ಉಪ್ಪಿನಕಾಯಿ ಎಂದುಕೊಂಡು ಯಾವುದೋ ಡಬ್ಬಿಯ ಮುಚ್ಚಳ ತೆಗೆದಿದ್ದರಂತೆ.

ಆದರೆ ಕಳೆದ ವರ್ಷ ನಡೆದದ್ದು ಕೇಳಿದರೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಸಸಿಮನೆಯ ಎಳೆಯ ಸಸಿಗಳು ಒಂದೊಂದಾಗಿ ಬಾಡತೊಡಗಿದವು. ಕಿತ್ತು ನೋಡಿದರೆ ಬೇರಿನ ಸುತ್ತ ಈ ಹುಳ. ಹೊಣೆ ಹೊರಲು ಯಾರಾದರೂ ಬೇಕಲ್ಲ? ಉದ್ಯಾನದ ಅಧಿಕಾರಿಗೆ ಹಿರಿಯ ಮಾಲಿ ಸಿಕ್ಕರು. ತಮ್ಮ ಹಿತ್ತಿಲಿನ ಗೊಬ್ಬರ ತಂದು ಸಸಿಗಳಿಗೆ ಹಾಕುತ್ತಿದ್ದದ್ದೇ ಅವರ ಅಪರಾಧ. ಆಳುಗಳೆಲ್ಲರ ಎದುರು ಬೈದು, ಸಸಿಮನೆಯ ಕೀಲಿಕೈ ಕಿತ್ತುಕೊಂಡು, ಗೇಟಿನಾಚೆ ಕಳಿಸಿದರು. ವಿಚಾರಣೆಯಿಲ್ಲ, ಒಂದು ಪ್ರಶ್ನೆಯೂ ಇಲ್ಲ.

"ಆ ಸಸಿಗಳನ್ನ ಮಕ್ಕಳ ಹಾಗೆ ಸಾಕಿದ್ದೆ ತಾಯಿ. ನಾನೇ ವಿಷ ಹಾಕ್ತೀನಾ?" ಎಂದು ಮಾಲಿ ಚಿಪ್ಪಕ್ಕನ ಬಾಗಿಲಿಗೆ ಬಂದು ನಿಂತರು. ಇವರು ಸಮಾಧಾನದ ಮಾತು ಹೇಳಲಿಲ್ಲ. ಜರಡಿ ಎತ್ತಿಕೊಂಡು ನೇರ ಅವರ ಹಿತ್ತಿಲಿಗೆ ನಡೆದರು.

ಗೊಬ್ಬರ ಜಾಲಿಸಿದರೆ ಅಲ್ಲೂ ಅಂಥದ್ದೇ ಚೂಪು ಚಿಪ್ಪಿನ ಹುಳ! "ಮಾಲಿಯಣ್ಣ ಅಲ್ಲೇ ನಿಂತು ನನ್ನ ಮುಖಾನೇ ನೋಡ್ತಿದ್ರು. ಏನು ಹೇಳ್ಲಿ? ಸುಳ್ಳು ಹೇಳೋಕೂ ಆಗಲ್ಲ." ಎರಡನ್ನೂ ತಂದು ಮಸೂರದಡಿ ಇಟ್ಟರು. ಹಿತ್ತಿಲಿನ ಹುಳದ ಚಿಪ್ಪಿನಲ್ಲಿ, ಸುರುಳಿ ಸುತ್ತಿಕೊಳ್ಳುವ ನಡುಗಂಬ ಬಾಯಿಯವರೆಗೂ ನಯವಾಗಿ ಇಳಿದಿತ್ತು. ಸಸಿಮನೆಯದರಲ್ಲಿ ಅದು ತುದಿಯಲ್ಲಿ ಕತ್ತರಿಸಿದಂತೆ ಮೊಟಕು. ಮೈ ಹಳದಿ, ತೆಳು ಚಿಪ್ಪಿನೊಳಗೆ ಸಾಲು ಮೊಟ್ಟೆ. ಹಿತ್ತಿಲಿನದು ಇಲ್ಲಿಯದೇ ಪಾಪದ ಹುಳ, ಕೊಳೆತ ಎಲೆ ತಿಂದುಕೊಂಡಿರುವಂಥದ್ದು. ಸಸಿಮನೆಯದು ಹೊರದೇಶದ್ದು, ಎಳೆ ಬೇರು ಕೊರೆಯುವಂಥದ್ದು.

ಹಾಗಾದರೆ ತಂದವರು ಯಾರು? ಸಸಿಮನೆಯ ಹಿಂದೆ, ಗಣ್ಯರ ಭೇಟಿಗೆಂದು ಹಡಗಿನಲ್ಲಿ ತರಿಸಿದ ಅಲಂಕಾರದ ಗಿಡಗಳು ಅಲ್ಲಲ್ಲಿ ಹರಿದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬಿದ್ದಿದ್ದವು. ಬಿಚ್ಚಿ ನೋಡಿದರೆ ಪ್ರತಿ ಕುಂಡದ ಮಣ್ಣಲ್ಲೂ ಅದೇ ಮೊಟಕು ಕಂಬದ ಹುಳ. ಆ ಗಿಡಗಳೇ ಬೇಕೆಂದು ಹಟ ಹಿಡಿದು ತರಿಸಿದವರು ಬೇರಾರೂ ಅಲ್ಲ, ಅದೇ ಅಧಿಕಾರಿ.

ಅವರ ಬಳಿ ಹೋದಾಗ ಸಿಕ್ಕ ಉತ್ತರ: "ಹುಳ ಅಂದ್ರೆ ಹುಳ ಕಣ್ರೀ. ಅದ್ರಲ್ಲೂ ಜಾತಿ ಹುಡುಕ್ತೀರಾ?"

"ಕಳ್ಳನ್ನ ಹಿಡೀಬೇಕು ಅಂದ್ರೆ ಮುಖ ನೋಡ್ಲೇಬೇಕಲ್ಲ ಸಾರ್" ಎಂದ ಚಿಪ್ಪಕ್ಕ ಅಂಟುಪಟ್ಟಿಯ ಸೂಕ್ಷ್ಮದರ್ಶಕವನ್ನು ಕಂಕುಳಲ್ಲಿಟ್ಟುಕೊಂಡು ಮೇಲಧಿಕಾರಿಯ ಕಚೇರಿಗೆ ಹೋದರು. ಜವಾನ ತಡೆದ. "ತಡಿಯಪ್ಪ, ಭಾರ ಇದೆ, ಮೊದ್ಲು ಇದನ್ನ ಇಳಿಸ್ತೀನಿ" ಎನ್ನುತ್ತಲೇ ಒಳಗೆ ಹೋಗಿ ಮೇಜಿನ ಮೇಲೇ ಇಳಿಸಿದರು. ಮೇಲಧಿಕಾರಿ ಮೂರೂ ಹುಳಗಳನ್ನು ನೋಡಿದರು: ಹಿತ್ತಿಲಿನದು, ಸಸಿಮನೆಯದು, ಹಡಗಿನ ಕುಂಡದ್ದು. ಮತ್ತೆ ನೋಡಿದರು. ಆಮೇಲೆ ಬಾಗಿಲು ಹಾಕಿಸಿದರು.

ಮಾಲಿ ಕೆಲಸಕ್ಕೆ ಮರಳಿದ್ದಾರೆ. ಆದರೆ ಹೇಗೆ? ‘ಆಡಳಿತಾತ್ಮಕ ಕಾರಣಗಳಿಂದ’ ವಾಪಸು ತೆಗೆದುಕೊಳ್ಳಲಾಗಿದೆಯಂತೆ! ಅಪವಾದ ಹೊರಿಸುವಾಗ ಊರಿಗೆಲ್ಲ ಕೇಳುವಂತೆ ಕೂಗಿದವರು, ಅದನ್ನು ಅಳಿಸುವಾಗ ಪಿಸುಗುಟ್ಟುತ್ತಾರೆ. ಅಧಿಕಾರಿ ಅದೇ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದಾರೆ. ಇತ್ತ ಚಿಪ್ಪಕ್ಕನ ಹುದ್ದೆ ‘ಅನಗತ್ಯ’ ಎಂಬ ಮಾತು ಶುರುವಾಗಿದೆ. ಬೇಡದ ಹುಳ ಎಲ್ಲಿಂದ ಬಂತೆಂದು ಪತ್ತೆ ಮಾಡಿದವರೇ ಈಗ ಬೇಡವಾಗಿದ್ದಾರೆ. ಇದಕ್ಕೆ ನಾಚಿಕೆಗೇಡು ಎನ್ನದೆ ಇನ್ನೇನೆನ್ನಬೇಕು?

ಅವರಿಗೆ ಮಾತ್ರ ತಮ್ಮ ಹುದ್ದೆಯ ಚಿಂತೆಯಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ, ಸಸಿಗಳಿಗೆ ನೀರು ಹಾಕುತ್ತಿರುವ ಮಾಲಿಯತ್ತ ನೋಡಿ, ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾರೆ.

"ಎಲ್ಲರ ಮುಂದೆ ಬೈದ್ರಲ್ಲ, ಎಲ್ಲರ ಮುಂದೇನೇ ‘ತಪ್ಪಾಯ್ತು’ ಅನ್ಲಿ. ಹುಳ ಯಾವ್ದು ಅಂತ ನಾನು ಹೇಳಿದೀನಿ. ತಪ್ಪು ಯಾರ್ದು ಅಂತ ಅವ್ರು ಹೇಳ್ಲಿ."