ಕಾಳವ್ವ ಮತ್ತೆ ನೀರಿಗಿಳಿಸಿದ ಹಾಯಿದೋಣಿ

ಕಾಗವಾಡದ ಹತ್ತಿರ, ಕೃಷ್ಣೆಯ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಳವ್ವ ಅಂಬಿಗೇರ ಸೆರಗು ಬಿಗಿದು ದೋಣಿಯೊಳಗೆ ಮಂಡಿಯೂರಿ ಕೂತಿದ್ದಾರೆ. ಮಳೆಗಾಲ ಮುಗಿದಿದೆ, ವರ್ಷದ ದುರಸ್ತಿ ನಡೆದಿದೆ. ಎಣ್ಣೆ, ರಾಳದಲ್ಲಿ ನೆನೆಸಿದ ಹತ್ತಿಯನ್ನು ಹಲಗೆಗಳ ಸಂದಿಗೆ ಬಡಿದು ತುಂಬುತ್ತಾರೆ. ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮನಸ್ಸಿಗೆ ಬರದಿದ್ದರೆ ಕಿತ್ತು ಮತ್ತೆ ತುಂಬುತ್ತಾರೆ. ಬಿಸಿಲೇರುವ ಮೊದಲು ಕಬ್ಬಿನ ಹೊಲದ ಕೂಲಿಗೆ ಹೋಗಬೇಕು.

ಈ ದೋಣಿ ಕಟ್ಟಿದವರು ಅವರ ತಂದೆ ಭೀಮಸಿ. ಕಾಳವ್ವನ ಮದುವೆಯಲ್ಲಿ ಅಳಿಯ ಮುರಗೆಪ್ಪನಿಗೆ ಕೊಟ್ಟರು. ಮುರಗೆಪ್ಪ ಹಾಯಿ ಬಿಚ್ಚಿ ಆಚೆ ದಡಕ್ಕೆ ಜನ, ಮೇವು ಸಾಗಿಸುತ್ತಿದ್ದರು. 2005ರ ಮಹಾಪೂರ ಅದನ್ನು ಎತ್ತಿ ಜಾಲಿಗಿಡಗಳ ಮೇಲೆ ಒಗೆಯಿತು. ತಳ ಬಿರಿಯಿತು, ಹಾಯಿಗಂಬ ಮುರಿಯಿತು. ಮುರಗೆಪ್ಪ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿಕೊಂಡರು. ಬೆಲ್ಲದ ಗಾಣದವನೊಬ್ಬ ಒಲೆಗೆಂದು ದೋಣಿ ಕೇಳಿದಾಗ ಹೂಂ ಎಂದೂ ಬಿಟ್ಟಿದ್ದರು.

"ಮೊದ್ಲ ನನ್ನ ಒಲಿಗಿ ಹಾಕ್ರಿ, ಆಮ್ಯಾಲ ನಾವ ಒಯ್ರಿ ಅಂದೆ," ಎಂದು ಕಾಳವ್ವ ನಗುತ್ತಾರೆ. ಇಲ್ಲಿಯವರ ಬಾಯಲ್ಲಿ ದೋಣಿ ಎಂದರೆ ನಾವ.

ಬಂಡಿ ಮಾಡುವ ಬಡಿಗರು ದೋಣಿಯ ದುರಸ್ತಿ ತಮ್ಮಿಂದಾಗದು ಎಂದರು. ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಕಾಳವ್ವ ತಾವೇ ಮರ ಕೆತ್ತುವ ಬಾಚಿ ಹಿಡಿದರು. "ಸಣ್ಣಾಕಿದ್ದಾಗ ಅಪ್ಪ ಹಲಗಿ ಬಗ್ಗಸೂವಾಗ ಒಂದ ತುದಿ ನಾನ ಹಿಡೀತಿದ್ದೆ. ಕೈಗಿ ನೆನಪಿತ್ರಿ." ಹಲಗೆ ನೆನೆಸಿ, ಬೆಂಕಿಗೆ ಹಿಡಿದು, ಬಗ್ಗಿಸಿ ಕೂಡಿಸುವುದು, ಸೀಳಿದರೆ ಮತ್ತೆ ಮೊದಲಿನಿಂದ. ಒಂದೊಂದು ವರ್ಷ ಎರಡು ಹಲಗೆ ಕೂತರೆ ಅದೇ ಹೆಚ್ಚು.

2012ರಲ್ಲಿ ದೋಣಿ ನೀರಿಗಿಳಿಯಿತು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ತಳದಿಂದ ನೀರು ಉಕ್ಕಿ ಮುಳುಗತೊಡಗಿತು. ಬಟ್ಟೆ ಒಗೆಯುತ್ತಿದ್ದವರು ನಕ್ಕರು. ಅಷ್ಟು ವರ್ಷ ಅದನ್ನು ಮುಟ್ಟದೇ ಇದ್ದ ಮುರಗೆಪ್ಪ, ಕಾವಲಿನ ಖಾಕಿ ಅಂಗಿಯಲ್ಲೇ ನೀರಿಗೆ ಹಾರಿ ಹಗ್ಗ ಕಟ್ಟಿ ಎಳೆದರು. ಮನೆಗೆ ಬಂದು ಉಂಡು ಕೂತ ಮೇಲೆ ಕೇಳಿದ್ದು ಒಂದೇ ಮಾತು: "ಹಾಯಿಗಿ ಅರಿವಿ ಎಂಥಾದ ತರ್ಲಿ?"

ಕಾಳವ್ವ ತಳದ ಹಲಗೆಗಳನ್ನೆಲ್ಲ ಮತ್ತೆ ಬಿಚ್ಚಿ ಕೂಡಿಸಿ, ಹೊಸ ಹಾಯಿಗಂಬ ನಿಲ್ಲಿಸಿದರು. ಮುರಗೆಪ್ಪ ಗೇಟಿನ ಬಳಿ ಕೂತು ಹಾಯಿ ಹೊಲಿದರು. ಮೂರು ವರ್ಷದ ಬಳಿಕ ಗಾಳಿ ತುಂಬಿಕೊಂಡ ಹಾಯಿ ಇಬ್ಬರನ್ನೂ ಆಚೆ ದಡ ಮುಟ್ಟಿಸಿತು. ತಳ ಒಣಗಿಯೇ ಇತ್ತು. "ಇವ್ರು ಚುಕ್ಕಾಣಿ ನನ್ನ ಕೈಗಿ ಕೊಟ್ರು," ಎನ್ನುವಾಗ ಕಾಳವ್ವನ ದನಿ ಸಣ್ಣದಾಗುತ್ತದೆ.

ಈಗ ಆಚೆ ದಡದ ಹೊಲಗಳಿಗೆ ಹೋಗುವ ಹೆಣ್ಣುಮಕ್ಕಳು ಸೇತುವೆ ಸುತ್ತಿ ಹೋಗುವುದಿಲ್ಲ, ಇದೇ ದೋಣಿ ಹತ್ತುತ್ತಾರೆ. ಹೋದ ತಿಂಗಳು ಮಿರಜದ ಹೋಟೆಲಿನವರೊಬ್ಬರು ಬಂದು, ಬಾಗಿಲ ಮುಂದೆ ಶೋಭೆಗೆ ಇಡಲು ದೋಣಿ ಕೇಳಿದರಂತೆ. "ಚಾ ಕುಡ್ದ ಹೋಗ್ರಿ ಅಂದೆ."

ಹಳೆಯದೆಷ್ಟು ಉಳಿದಿದೆ, ಹೊಸದೆಷ್ಟು ಎಂದು ಕೇಳಿದರೆ ಅವರು ದೋಣಿಯ ಮೈಮೇಲೆ ಅಂಗೈ ಸವರುತ್ತಾರೆ.

"ಕಪ್ಪಗಿದ್ದಾವು ಅಪ್ಪನ ಹಲಗಿ, ಕೆಂಪಗಿದ್ದಾವು ನನ್ನವು. ನೀರಿಗಿ ಮಾತ್ರ ಯಾವ್ದು ಯಾರ್ದು ಅಂತ ಗೊತ್ತಾಗಂಗಿಲ್ರಿ."