ನಾಲ್ಕನೆಯವನಿಗೂ ಒಂದು ಲೈಫ್ ಜಾಕೆಟ್

ನನ್ನ ಮಾವ ಹೆಣ್ಣು ನೋಡಲು ಹೋದ ಮನೆಗಳಿಂದೆಲ್ಲ ಒಂದೇ ಉತ್ತರ ಬರುತ್ತಿತ್ತು. ಹುಡುಗ ಒಳ್ಳೆಯವನೇ, ಆದರೆ ಬಾಯಿ ಬಿಡಲ್ಲ.

ಅದು ನಿಜವೇ. ಮಾವ ಎಂದರೆ ನನ್ನ ಅವ್ವನ ತಮ್ಮ. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದಾನೆ. ದಿನವಿಡೀ ಆ ಸದ್ದಿನ ಪಕ್ಕ ನಿಂತು ನಿಂತು ಸನ್ನೆಯಲ್ಲೇ ಬದುಕುವುದನ್ನು ಕಲಿತುಬಿಟ್ಟಿದ್ದಾನೆ. ರಾಗಿಯೋ ಗೋಧಿಯೋ ಎಂದು ಹುಬ್ಬಿನಲ್ಲಿ ಕೇಳುತ್ತಾನೆ, ಆಯ್ತು ತಗೊಂಡು ಹೋಗಿ ಎಂದು ಗದ್ದದಲ್ಲಿ ಹೇಳುತ್ತಾನೆ. ಮಿಲ್ಲಿನಲ್ಲಿ ಅದು ನಡೆಯುತ್ತದೆ. ಹೆಣ್ಣಿನ ಮನೆಯಲ್ಲಿ ಗದ್ದ ನೋಡಿ ಯಾರು ಹುಡುಗಿ ಕೊಡುತ್ತಾರೆ?

ಈ ಸಲದ ಸಂಬಂಧ ಬಂದದ್ದು ಕನಕಪುರದ ಆ ಕಡೆ, ಕಾವೇರಿಯ ಆಚೆ ದಡದ ಒಂದು ಸಣ್ಣ ಪೇಟೆಯಿಂದ. ಹುಡುಗಿ ಅಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಾಳೆ. ರಸ್ತೆಯಲ್ಲಿ ಹೋದರೆ ಸುತ್ತಿ ಸುತ್ತಿ ಅರ್ಧ ದಿನ ಬೇಕು, ತೆಪ್ಪದಲ್ಲಿ ಹೊಳೆ ದಾಟಿದರೆ ಎದುರಿಗೇ ಊರು. ಹಿಂದಿನ ರಾತ್ರಿಯೇ ನಾವು ಮಾವನ ಮನೆಗೆ ಬಂದು ಮಲಗಿದ್ದೆವು. ಬೆಳಿಗ್ಗೆ ಅವ್ವ ಖಡಾಖಂಡಿತ ಹೇಳಿಬಿಟ್ಟಳು.

"ಇದೇ ಕೊನೆ ಕಣಪ್ಪ. ಅಲ್ಲೂ ನೀನು ಕಂಬ್ದಂಗೆ ಕುಂತ್ರೆ, ಇನ್ನೊಂದ್ ಮನೆ ಬಾಗ್ಲು ತುಳಿಯಕೆ ನಾನು ಬರಾಕಿಲ್ಲ."

ಮಾವ ಗದ್ದ ಅಲ್ಲಾಡಿಸಿದ.

ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಜೊತೆಗೆ ಬರಬೇಕಿದ್ದ ಅಪ್ಪನಿಗೆ ಸೊಂಟ ಹಿಡಿದುಕೊಂಡಿತು. ಉಳಿದದ್ದು ಅವ್ವ, ಮಾವ, ನಾನು. ಮೂರು ಜನ. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡುವುದಿಲ್ಲ, ಹೋದ ಕೆಲಸ ಕೆಡುತ್ತದೆ ಅನ್ನುತ್ತಾರೆ. ನಾಲ್ಕನೆಯವರು ಸಿಗದಿದ್ದರೆ ಒಂದು ಕಲ್ಲನ್ನು ಜೊತೆಗೆ ಇಟ್ಟುಕೊಳ್ಳುತ್ತಾರೆ. ಕಲ್ಲೂ ಒಬ್ಬ ಮನುಷ್ಯ ಎಂದು ಲೆಕ್ಕ.

"ಹೋಗ್ಲಾ, ಒಂದು ಕಲ್ಲು ತಕ್ಕಂಬಾ," ಎಂದಳು ಅವ್ವ.

ಈ ಮಾತನ್ನು ನನಗೆ ಹೇಳಬಾರದಿತ್ತು. ನನಗೆ ಕಲ್ಲಿನ ಹುಚ್ಚು. ಯಾರೂ ಕಲಿಸಿದ್ದಲ್ಲ, ಫೋನಿನಲ್ಲಿ ವಿಡಿಯೋ ನೋಡಿ, ರಾಮನಗರದ ಬೆಟ್ಟಗಳನ್ನು ಹತ್ತಿ ಇಳಿದು ನಾನೇ ಕಲಿತದ್ದು. ಬೇರೆಯವರಾಗಿದ್ದರೆ ಅಂಗಳದಿಂದ ಒಂದು ಸಣ್ಣ ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಾನು ಮಿಲ್ಲಿನ ಹಿಂದೆ ಓಡಿದೆ. ಅಲ್ಲಿ ತೆಂಗಿನಕಾಯಿ ಗಾತ್ರದ್ದೊಂದು ಬಿದ್ದಿತ್ತು. ನಸುಗೆಂಪು ಬಣ್ಣ, ಮೈತುಂಬ ಉಗುರಿನಷ್ಟುದ್ದದ ಹರಳುಗಳು. ಎಂಥಾ ಕಲ್ಲು ಅಂತೀರಿ! ಎತ್ತಿ ಬಟ್ಟೆಯ ಬ್ಯಾಗಿಗೆ ಹಾಕಿಕೊಂಡೆ.

ಅವ್ವ ಬ್ಯಾಗು ಮುಟ್ಟಿ ನೋಡಿದಳು. "ಇಷ್ಟು ದಪ್ಪದ್ದು ಯಾಕ್ಲಾ?"

"ಮನುಷ್ಯ ಅಂದ್ಮೇಲೆ ಒಸಿ ತೂಕ ಇರ್ಬೇಡ್ವಾ ಅವ್ವ?"

ಮಾಗಡಿಯಿಂದ ಬಸ್ಸು, ರಾಮನಗರದಲ್ಲಿ ಇನ್ನೊಂದು, ಕನಕಪುರದಲ್ಲಿ ಮತ್ತೊಂದು. ಎಲ್ಲದರಲ್ಲೂ ಕಲ್ಲು ನನ್ನ ತೊಡೆಯ ಮೇಲೆ. ಡೈನೋಸಾರುಗಳಿಗಿಂತ ಎಷ್ಟೋ ಹಳೆಯದು ಇದು ಎಂದು ಮಾವನಿಗೆ ವಿವರಿಸಿದೆ. ಮಾವ ಹುಬ್ಬೇರಿಸಿದ. ಹೌದಾ ಎಂದು ಅರ್ಥ.

ಹೊಳೆದಡದಲ್ಲಿ ತೆಪ್ಪದವನು ಬೀಡಿ ಆರಿಸಿ ಎದ್ದು ನಿಂತ. "ಎಷ್ಟು ಜನ?"

"ನಾಕು," ಎಂದಳು ಅವ್ವ.

ಅವನು ನಮ್ಮನ್ನು ನೋಡಿದ, ನಮ್ಮ ಹಿಂದೆ ನೋಡಿದ, ಕೊನೆಗೆ ನನ್ನ ಬ್ಯಾಗು ನೋಡಿದ. "ಓ, ಹೆಣ್ ನೋಡಕ್ಕಾ? ಕುಂತ್ಕಳಿ ಕುಂತ್ಕಳಿ. ಆದ್ರೆ ಅವ್ರಿಗೂ ಜಾಕೆಟ್ ಹಾಕ್ಬೇಕು."

"ಕಲ್ಲಿಗಾ?" ಎಂದೆ.

"ನೀವು ತಾನೇ ನಾಕ್ ಜನ ಅಂದಿದ್ದು? ಇಲ್ಲಿ ಎಲ್ರಿಗೂ ಒಂದೇ ರೂಲ್ಸು."

ಅವನು ಗೇಲಿ ಮಾಡುತ್ತಿದ್ದಾನೆ ಎಂದು ನನಗನ್ನಿಸಿತು. ಅವ್ವನಿಗೆ ಅದು ಮರ್ಯಾದೆ ಅನ್ನಿಸಿತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಬ್ಯಾಗಿಗೆ ಸುತ್ತಿ ಬೆಲ್ಟು ಬಿಗಿದಳು. ನಡುಹೊಳೆಯಲ್ಲಿ ತೆಪ್ಪ ಒಂದು ಸುತ್ತು ತಿರುಗಿದಾಗ ಅವಳು ಹಿಡಿದುಕೊಂಡದ್ದು ನನ್ನನ್ನಲ್ಲ, ಮಾವನನ್ನಲ್ಲ, ಅದನ್ನು.

ಹುಡುಗಿಯ ಮನೆಯಲ್ಲಿ ಅವಳ ಅಪ್ಪ, ಅಜ್ಜಿ ನಮ್ಮನ್ನು ಎದುರುಗೊಂಡರು. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾಲ್ಕನೆಯದರ ಮೇಲೆ ಅವ್ವ ಬ್ಯಾಗು ಕೂರಿಸಿದಳು. ಹುಡುಗಿಯ ಅಪ್ಪ ನಮ್ಮ ಮುಖ ಮುಖ ನೋಡಿದರೆ, ಅಜ್ಜಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು.

"ಶಾಸ್ತ್ರ ಗೊತ್ತಿರೋ ಜನ!" ಎಂದು ಮೆಚ್ಚಿಕೊಂಡು ಅದರ ಮುಂದೆಯೂ ಒಂದು ತಟ್ಟೆ ಉಪ್ಪಿಟ್ಟು ಇಡಿಸಿದರು.

ಹುಡುಗಿ ಕಾಫಿ ತಂದಳು, ಎದುರಿಗೆ ಕೂತಳು. ಅವಳ ಅಪ್ಪ ಕೇಳಿದರು, "ಮಿಲ್ಲು ಹೆಂಗ್ ನಡೀತೈತೆ?"

ಮಾವ ಗದ್ದ ಎತ್ತಿದ.

"ಮಳೆ ಆಯ್ತಾ ನಿಮ್ ಕಡೆ?"

ಮಾವ ಅಂಗೈ ಅಡ್ಡಡ್ಡ ಆಡಿಸಿದ. ಅಂದರೆ ಪರವಾಗಿಲ್ಲ. ಅವ್ವ ಸೀರೆ ಸೆರಗು ಹಿಂಡತೊಡಗಿದಳು. ನಾಲ್ಕು ಕುರ್ಚಿಗಳಲ್ಲಿ ಕಲ್ಲು ಯಾವುದು, ಮಾವ ಯಾವುದು ಎಂದು ಹೊಸಬರಿಗೆ ಗೊತ್ತಾಗುವಂತಿರಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ಹುಡುಗಿಯೇ ಕೇಳಿದಳು. "ಬ್ಯಾಗಲ್ಲಿರೋರ್ನ ಒಸಿ ತೋರಿಸ್ತೀರಾ? ಅವ್ರೂ ಬಂದವ್ರಲ್ವಾ."

ನನಗೆ ಅಷ್ಟೇ ಬೇಕಿತ್ತು. ಕಲ್ಲನ್ನು ತೆಗೆದು ಎತ್ತಿ ಹಿಡಿದೆ, ಹರಳುಗಳ ಬಗ್ಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕುರ್ಚಿಯಿಂದ ಹಾರಿ ನಿಂತ.

"ಲೇ! ಇದು ನಮ್ ಮಿಲ್ಲಿನ ಹಿಂಬಾಗ್ಲು ಕಲ್ಲು ಕಣ್ಲಾ!"

ಅವನ ಗಂಟಲಲ್ಲಿ ಅಷ್ಟು ಸದ್ದಿದೆ ಎಂದು ನನಗೇ ಗೊತ್ತಿರಲಿಲ್ಲ. ಅಜ್ಜಿಯ ಲೋಟ ಜಾರಿತು.

"ಆ ಬಾಗ್ಲಿಗೆ ಚಿಲ್ಕ ಇಲ್ಲ! ಈ ಕಲ್ಲು ಒತ್ತಿಟ್ರೇನೇ ಅದು ನಿಲ್ಲೋದು! ಜನ ರಾಗಿ ಚೀಲ ಬುಟ್ಟೋಗವ್ರೆ, ಪಕ್ಕದ್ಮನೆ ಮೇಕೆಗಳು ನುಗ್ ಬುಡ್ತವೆ!" ಎನ್ನುತ್ತಲೇ ಪಕ್ಕದ ಮನೆಗೆ ಫೋನು ಮಾಡಿದ. ಗಾಬರಿಯಲ್ಲಿ ಸ್ಪೀಕರ್ ಆನ್ ಆಯಿತು. "ಅಣ್ಣೋ, ಒಸಿ ಮಿಲ್ಲೊಳಕ್ಕೆ ನೋಡಣ್ಣ! ಮೇಕೆ ಅವಾ?"

ಹುಡುಗಿಯ ಮನೆಯವರೆಲ್ಲ ಕಿವಿಗೊಟ್ಟರು. ಬಾಗಿಲು ಕಿರ್ರೆಂದಿತು. ಆಮೇಲೆ ಉತ್ತರವನ್ನು ಪಕ್ಕದ ಮನೆಯಣ್ಣ ಕೊಡಲಿಲ್ಲ, ಮೇಕೆಯೇ ಕೊಟ್ಟಿತು.

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಮಾವ ಮಾತ್ರ ನಗದೆ, ನಿಂತೇ ಇದ್ದು, ಮೇಕೆಗಳನ್ನು ಯಾವ ಕಡೆಯಿಂದ ಅಟ್ಟಬೇಕು, ಯಾವ ಚೀಲ ಯಾರ ಮನೆಯದು ಎಂದು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ.

ಫೋನಿಟ್ಟ ಮೇಲೆ ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು, "ಒಂದು ಚಿಲ್ಕ ಹಾಕ್ಸಕ್ಕೆ ಏನ್ ಕಷ್ಟ ನಿಮ್ಗೆ?"

"ಕಲ್ಲಿತ್ತಲ್ಲ," ಎಂದ ಮಾವ. "ಯಾಕ್ ಹಾಕುಸ್ಲಿ?"

ನಾವು ಹೊರಡುವಾಗ ಅವಳ ಅಪ್ಪ, "ಮನೇಲ್ ಮಾತಾಡಿ ಫೋನ್ ಮಾಡ್ತೀವಿ," ಎಂದರು. ಈ ಮಾತನ್ನು ನಾವು ಎಷ್ಟೋ ಮನೆಯಲ್ಲಿ ಕೇಳಿದ್ದೆವು, ಯಾರೂ ಫೋನು ಮಾಡಿರಲಿಲ್ಲ, ಆಗಲ್ಲ ಅನ್ನುವ ಉತ್ತರ ಬೇರೆಯವರ ಬಾಯಿಂದಲೇ ಬರುತ್ತಿತ್ತು. ಅವ್ವ ಸರಸರನೆ ಹೊಳೆಯತ್ತ ನಡೆದುಬಿಟ್ಟಳು. ತೆಪ್ಪದವನು ಕೊನೆಯ ಟ್ರಿಪ್ಪಿಗೆ ಸೀಟಿ ಊದಿ ನಾಲ್ಕು ಜಾಕೆಟ್ ಎಸೆದ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದಾಗಲೇ ಅವ್ವನಿಗೆ ಹೊಳೆದದ್ದು.

"ಅಯ್ಯೋ! ಕಲ್ಲು ಅಲ್ಲೇ ಬುಟ್ ಬಂದ್ವಲ್ಲಾ!"

ನಾನು ಓಡಲು ತಯಾರಾದೆ. ಮಾವ ನನ್ನ ಭುಜ ಹಿಡಿದು ಕೂರಿಸಿದ. "ನೀನಿರ್ಲಾ. ನಾನೇ ಹೋಗ್ ಬತ್ತೀನಿ," ಎಂದು ಜಾಕೆಟ್ ಹಾಕಿಕೊಂಡೇ ಓಡಿದ.

ಅಲ್ಲಿಂದಿಲ್ಲಿಗೆ ಎರಡು ಬೀದಿ ದೂರ. ತೆಪ್ಪದವನ ಒಂದು ಬೀಡಿ ಮುಗಿಯಿತು, ಇನ್ನೊಂದು ಮುಗಿಯಿತು.

"ಕಲ್ಲು ತರಕ್ಕೆ ಹೋದ್ನಾ, ಕಡೆಯಕ್ಕೆ ಹೋದ್ನಾ?" ಎಂದ ಅವನು.

ಬಿಸಿಲು ಇಳಿಯುವ ಹೊತ್ತಿಗೆ ಕಿತ್ತಳೆ ಜಾಕೆಟ್ಟು ಬೀದಿಯ ತುದಿಯಲ್ಲಿ ಕಾಣಿಸಿತು. ಕೈ ಖಾಲಿ.

"ಎಲ್ಲೋ ಕಲ್ಲು?" ಅವ್ವ ಕೂಗಿದಳು.

"ಕೊಡಾಕಿಲ್ವಂತೆ."

"ಯಾರು?"

"ಅವ್ಳೇ." ಮಾವ ನೆಲ ನೋಡುತ್ತ ಹೇಳಿದ. "ಮೊದ್ಲು ಚಿಲ್ಕ ಹಾಕ್ಸಿ, ಕಲ್ಲ ಬರೋವಾಗ ನಾನೇ ತತ್ತೀನಿ ಅಂದ್ಲು. ಅವ್ರಪ್ಪನೂ ಹೂಂ ಅಂದ್ರು, ಅಕ್ಕ."

ಅವ್ವ ಕಣ್ಣಿಗೆ ಸೆರಗು ಒತ್ತಿಕೊಂಡಳು. ನಾನು ಮಾವನನ್ನು ತಬ್ಬಿಕೊಳ್ಳಲು ಹೋದೆ, ಎರಡು ಜಾಕೆಟ್ಟುಗಳು ಅಡ್ಡ ಬಂದವು. ತೆಪ್ಪಕ್ಕೆ ಕಾಲಿಡಬೇಕು ಅನ್ನುವಾಗ ಅವ್ವ ಇದ್ದಕ್ಕಿದ್ದಂತೆ ನಿಂತಳು.

"ಅದೆಲ್ಲ ಸರಿ. ಈಗ ಮತ್ತೆ ಮೂರೇ ಜನ ಆದ್ವಲ್ಲ!"

ಈ ಸಲ ನಾನು ಆರಿಸಲಿಲ್ಲ. ಮಾವನೇ ಬಗ್ಗಿ ನೀರಂಚಿನಿಂದ ಗೋಲಿಯಷ್ಟು ಸಣ್ಣದೊಂದು ನುಣುಪು ಕಲ್ಲು ಎತ್ತಿಕೊಂಡು, ನಾಲ್ಕನೆಯ ಜಾಕೆಟ್ಟಿನ ಮಧ್ಯದಲ್ಲಿಟ್ಟ.

ತೆಪ್ಪದವನು ಬಗ್ಗಿ ನೋಡಿ, ಹುಟ್ಟನ್ನು ನೀರಿಗಿಳಿಸುತ್ತ ಹೇಳಿದ:

"ಹೋಗೋವಾಗ ಅಷ್ಟು ದಪ್ಪ ಮನುಷ್ಯ, ಬರೋವಾಗ ಕೂಸಾ? ಬಲೇ ಬೇಗ ಆಯ್ತಲ್ಲಣ್ಣ!"